ಲಾಗ್ ಮನೆ: ಕೆಳಗಿನ ದಿಮ್ಮಿ ಕೊಳೆತಿದೆ, ತೇಪೆ ಸಾಕಾ, ಬದಲಿಸಬೇಕಾ?

ಬೂನ್_ಬೆಟ್ಟ: ಎಲ್ಲರಿಗೂ ನಮಸ್ಕಾರ. ಅಮೆರಿಕದ ನಾರ್ತ್ ಕ್ಯಾರೊಲಿನಾದ ಬೂನ್ ಹತ್ತಿರ ಹಳೇ ಲಾಗ್ ಮನೆ (ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ ಗೋಡೆ ಕಟ್ಟಿದ್ದು) ಕೊಂಡಿದ್ದೇವೆ. ವೈಟ್ ಪೈನ್ ದಿಮ್ಮಿ. ಉತ್ತರದ ಗೋಡೆಯಲ್ಲಿ, ಡೆಕ್ (ಹೊರಗಿನ ಮರದ ಜಗಲಿ) ಕೂಡುವ ಕಡೆ, ಕೆಳಗಿನ ಎರಡು ದಿಮ್ಮಿ ಮೆತ್ತಗಾಗಿವೆ. ಸ್ಕ್ರೂಡ್ರೈವರ್ ಒತ್ತಿದರೆ ಸಲೀಸಾಗಿ ಒಳಗೆ ಹೋಗುತ್ತದೆ. ನೋಡಲು ಬಂದ ಒಬ್ಬರು ಎಪಾಕ್ಸಿ (ಕಲ್ಲಿನ ಹಾಗೆ ಗಟ್ಟಿಯಾಗುವ ಅಂಟು) ತುಂಬಿದರೆ ಸಾಕು ಅಂದರು. ಇನ್ನೊಬ್ಬರು ಮನೆಯನ್ನೇ ಎತ್ತಬೇಕು ಅಂದರು. ಯಾರನ್ನು ನಂಬಲಿ?

ತೀರ್ಥಹಳ್ಳಿಯವ: ನಮ್ಮ ಕಡೆ ಕಂಬದ ಬುಡ ಕೊಳೆತರೆ ತೊಲೆಗೆ ಜಾಕಿ ಕೊಟ್ಟು, ಬುಡ ಕೊಯ್ದು, ಕೆಳಗೆ ಎತ್ತರದ ಕಲ್ಲು ಕೂರಿಸುತ್ತಾರೆ. ಅಲ್ಲೂ ಹಾಗೇ ಮಾಡಬಹುದಲ್ವಾ?

ವರ್ಮಾಂಟ್_ರಾಯ: ಕಂಬ ನಿಂತಿರುತ್ತದೆ, ಇಲ್ಲಿ ದಿಮ್ಮಿ ಮಲಗಿರುತ್ತದೆ. ಉದ್ದಕ್ಕೂ ಭಾರ ಕೂತಿರುವುದರಿಂದ ಒಂದು ಜಾಕಿಯಲ್ಲಿ ಮುಗಿಯುವುದಿಲ್ಲ.

ನಮ್ಮದೂ ಪೈನ್ ಮನೆ, ಈ ಕೆಲಸ ಹತ್ತಿರ ನಿಂತು ಮಾಡಿಸಿದ್ದೇನೆ. ಎಷ್ಟು ಆಳ ಕೊಳೆತಿದೆ ಅಂತ ನೋಡದೆ ಯಾರ ಮಾತೂ ಬೇಡ. ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಮರ ಟಣ್ ಅನ್ನುತ್ತದೆ, ಕೊಳೆತದ್ದು ಬೊದ್ ಅನ್ನುತ್ತದೆ. ಆಮೇಲೆ ಉಳಿಯಿಂದ ಮೆತ್ತಗಿರುವುದನ್ನೆಲ್ಲ ಕೆತ್ತಿ ತೆಗೆಸಿ. ಅರ್ಧ ದಪ್ಪದೊಳಗೆ ಗಟ್ಟಿ ಮರ ಸಿಕ್ಕಿದರೆ, ಮುಂಭಾಗ ಮಾತ್ರ ಚಪ್ಪಟೆಯಾಗಿ ಕೊಯ್ದು, ಬೋರೇಟ್ (ಮರ ಕೊಳೆಯದಂತೆ ತಡೆಯುವ ಉಪ್ಪಿನಂಥ ಔಷಧಿ) ಹಚ್ಚಿ, ಅರ್ಧ ದಿಮ್ಮಿ ಕೂರಿಸಬಹುದು. ಅದಕ್ಕಿಂತ ಆಳ ಹೋಗಿದ್ದರೆ ಆ ತುಂಡನ್ನೇ ಬದಲಿಸಬೇಕು. ಆಗ ಜಾಕಿಗಳು ಮೇಲಿನ ಭಾರವನ್ನು ಹಿಡಿದುಕೊಂಡರೆ ಸಾಕು. ಸುಮ್ನೆ ಎತ್ತಲು ಹೋದರೆ ಕಿಟಕಿ ಗಾಜು ಬಿರಿಯುತ್ತದೆ. ಎರಡೂ ಸಾಲಿನ ಜೋಡಣೆ ಒಂದರ ಮೇಲೊಂದು ಬರಬಾರದು, ಇಟ್ಟಿಗೆ ಗೋಡೆಯ ಹಾಗೆ. ಹೊಸ ದಿಮ್ಮಿ ಒಣಗಿದ್ದೇ ಬೇಕು. ಹಸಿಯದು ಕುಗ್ಗಿ ಸಂದು ಬಿಡುತ್ತದೆ.

ಎಪಾಕ್ಸಿ ಸಣ್ಣ ಗುಳಿಗೆ ಸರಿ. ತೇವದ ಮೇಲೆ ತುಂಬಿದರೆ ಅದರ ಹಿಂದೆ ಮರ ಕೊಳೆಯುತ್ತಲೇ ಇರುತ್ತದೆ. ತೇವದ ಮೀಟರ್ 20%ಗಿಂತ ಕಡಿಮೆ ತೋರಿಸಲಿ. ಬೋರೇಟ್ ಕೂಡ ನೀರಿಗೆ ಕರಗಿ ಹೋಗುವಂಥದ್ದು, ಮೇಲೆ ನೀರು ತಡೆಯುವ ಸ್ಟೇನ್ (ಮರಕ್ಕೆ ಹಚ್ಚುವ ಬಣ್ಣ) ಬೇಕೇ ಬೇಕು.

ಅದಿರಲಿ, ಡೆಕ್ ಹಲಗೆಯನ್ನು ನೇರ ದಿಮ್ಮಿಗೇ ಬೋಲ್ಟ್ ಮಾಡಿದ್ದಾರಾ? ನಡುವೆ ನೀರು ಇಳಿಯದ ಹಾಗೆ ತಗಡು ಇದೆಯಾ? ಚಾವಣಿ ನೀರು ಎಲ್ಲಿ ಬೀಳುತ್ತದೆ?

ಬೂನ್_ಬೆಟ್ಟ: ನೇರ ಬೋಲ್ಟ್. ತಗಡು ಇಲ್ಲ ರಾಯರೇ. ಸೂರಿಗೆ ಗಟರ್ ಇದೆ, ಆದರೆ ಪೈಪ್ ಡೆಕ್ ಮೇಲೇ ಬಿಟ್ಟಿದ್ದಾರೆ. ಮಳೆ ಬಂದರೆ ಗೋಡೆ ತನಕ ಎರಚುತ್ತದೆ.

ವರ್ಮಾಂಟ್_ರಾಯ: ಸರಿ ಹೋಯ್ತು! ಹೀಗಿದ್ದರೆ ಹೊಸ ದಿಮ್ಮಿಗೂ ಅದೇ ಗತಿ. ಮೊದಲು ಪೈಪ್ ಬೇರೆ ಕಡೆ ತಿರುಗಿಸಿ. ಡೆಕ್ಕನ್ನು ಗೋಡೆಯಿಂದ ಬಿಡಿಸಿ, ತನ್ನದೇ ಕಂಬಗಳ ಮೇಲೆ ನಿಲ್ಲುವ ಹಾಗೆ ಮಾಡಿಸಿ. ಗೋಡೆ ಒಣಗಿದ ಮೇಲೆ ಇಬ್ಬರನ್ನೂ ಮತ್ತೆ ಕರೆಯಿರಿ. ಕೆತ್ತಿ ನೋಡದೆ ರೇಟ್ ಹೇಳುವವರಿಗೆ ಅಡ್ವಾನ್ಸ್ ಕೊಡಬೇಡಿ.