ಲಿಕ್ವಿಡ್ ಫೌಂಡೇಶನ್ ಹಚ್ಚಿದ್ದೇ ಗೊತ್ತಾಗಬಾರದು, ಹೇಗೆ?

ತೋಟದಮನೆ, ಚಿಕ್ಕಮಗಳೂರು:

ಎಲ್ಲರಿಗೂ ನಮಸ್ಕಾರ. ಬರುವ ತಿಂಗಳು ಹಾಸನದಲ್ಲಿ ನನ್ನ ತಮ್ಮನ ಮದುವೆ. ಹಿಂದಿನ ದಿನ ಸಂಜೆ ರಿಸೆಪ್ಷನ್, ಮಾರನೇ ದಿನ ಬೆಳಗ್ಗೆ ಮುಹೂರ್ತ. ಈ ಸಲ ಮೇಕಪ್ ನಾನೇ ಮಾಡಿಕೊಳ್ಳೋಣ ಅಂತಿದ್ದೇನೆ. ನಾದಿನಿಯ ಮದುವೆಗೆ ಪಾರ್ಲರ್‌ನಲ್ಲಿ ಮಾಡಿಸಿದ್ದೆ. ಫೋಟೋದಲ್ಲಿ ಮುಖ ಬೂದಿ ಬಣ್ಣ, ಕುತ್ತಿಗೆ ಮಾತ್ರ ನನ್ನದು. ಆಲ್ಬಮ್ ತೆಗೆದಾಗಲೆಲ್ಲ ನಮ್ಮ ಯಜಮಾನರು ಆ ಪುಟವನ್ನು ಬೇಗ ತಿರುಗಿಸುತ್ತಾರೆ.

ನನ್ನದು ಎಣ್ಣೆಗೆಂಪು ಬಣ್ಣ. ವಯಸ್ಸು ನಲವತ್ತರ ಹತ್ತಿರ. ಕೆನ್ನೆ ಮೇಲೆ ಸ್ವಲ್ಪ ಬಂಗು ಇದೆ. ಈ ಚಳಿಗೆ ಮೂಗಿನ ಪಕ್ಕ ಸಿಪ್ಪೆ ಏಳುತ್ತದೆ, ಮಧ್ಯಾಹ್ನಕ್ಕೆ ಹಣೆ ಎಣ್ಣೆ ಎಣ್ಣೆ. ಒಂದು ಲಿಕ್ವಿಡ್ ಫೌಂಡೇಶನ್ ತಂದು ಮನೆಯಲ್ಲಿ ಹಚ್ಚಿ ನೋಡಿದೆ. ಮೊದಲು ಚೆನ್ನಾಗೇ ಇತ್ತು. ಅರ್ಧ ಗಂಟೆಯಲ್ಲಿ ಮೂಗಿನ ಪಕ್ಕ ಒಡೆದು, ನಗುವ ಗೆರೆಯಲ್ಲಿ ಹೋಗಿ ಕೂತಿತು. ಬಣ್ಣವೂ ಯಾಕೋ ಸ್ವಲ್ಪ ಕಪ್ಪಾದ ಹಾಗಿತ್ತು. ನನಗೆ ಚರ್ಮ ಚರ್ಮದ ಹಾಗೇ ಕಾಣಬೇಕು, ಬಂಗು ಸ್ವಲ್ಪ ಮಬ್ಬಾದರೆ ಸಾಕು. ಬ್ರಷ್ ತಗೊಳ್ಳಲಾ, ಸ್ಪಂಜ್ ತಗೊಳ್ಳಲಾ? ಫೌಂಡೇಶನ್‌ಗೆ ಮೊದಲು ಹಚ್ಚುತ್ತಾರಲ್ಲ, ಆ ಪ್ರೈಮರ್ ಬೇಕೇ ಬೇಕಾ?

ಹಾಸನ ಮೇಕಪ್:

ಮೇಡಂ, ಮದುಮಕ್ಕಳಿಗೆ ಮೇಕಪ್ ಮಾಡುವುದೇ ನನ್ನ ಕೆಲಸ, ಇಲ್ಲೇ ಹಾಸನದಲ್ಲಿ. ಬ್ರಷ್ಷೋ ಸ್ಪಂಜೋ ಅನ್ನುವುದು ಆಮೇಲಿನ ಮಾತು. ಎಷ್ಟು ಹಚ್ಚುತ್ತೀರಿ, ಎಲ್ಲಿ ಹಚ್ಚುತ್ತೀರಿ ಅನ್ನುವುದರಲ್ಲೇ ಮುಕ್ಕಾಲು ಕೆಲಸ ಇರುವುದು. ಮುಖದ ತುಂಬಾ ಒಂದೇ ದಪ್ಪದಲ್ಲಿ ಬಳಿದರೆ ಎಷ್ಟು ದುಬಾರಿ ಬಾಟಲಿಯಾದರೂ ಬಳಿದ ಹಾಗೇ ಕಾಣುತ್ತದೆ. ಹಣೆಯ ಅಂಚು, ಕೆನ್ನೆಯ ಹೊರಬದಿ, ಕಿವಿಯ ಮುಂದೆ ನಿಮ್ಮ ಚರ್ಮ ಚೆನ್ನಾಗೇ ಇರುತ್ತದೆ ಅಲ್ವಾ? ಅಲ್ಲಿ ಯಾಕೆ ಹಚ್ಚಬೇಕು? ಖಾಲಿ ಬಿಡಿ. ಅಲ್ಲಲ್ಲಿ ನಿಜವಾದ ಚರ್ಮ ಕಣ್ಣಿಗೆ ಬಿದ್ದರೆ, ನೋಡುವವರು ಉಳಿದದ್ದನ್ನೂ ಚರ್ಮ ಅಂತಲೇ ಅಂದುಕೊಳ್ಳುತ್ತಾರೆ.

ಬೂದಿ ಬಣ್ಣ ಬಂದದ್ದು ತಿಳಿ ಶೇಡ್‌ನಿಂದ ಇರಬೇಕು. ಫೌಂಡೇಶನ್‌ನಲ್ಲಿ ಟೈಟಾನಿಯಂ ಡೈಆಕ್ಸೈಡ್ ಅನ್ನುವ ಬಿಳಿ ಪುಡಿ ಇರುತ್ತದೆ, ಜೊತೆಗೆ ಕೆಂಪು, ಹಳದಿ, ಕಪ್ಪು ಐರನ್ ಆಕ್ಸೈಡ್‌ಗಳು. ಶೇಡ್ ತಿಳಿಯಾದಷ್ಟೂ ಬಿಳಿ ಪುಡಿಯ ಪಾಲು ಜಾಸ್ತಿ. ಅದು ಎಣ್ಣೆಗೆಂಪಿನ ಮೇಲೆ ಕೂತರೆ ಬೆಳ್ಳಗೆ ಕಾಣುವುದಿಲ್ಲ, ಬೂದಿಯಾಗಿ ಕಾಣುತ್ತದೆ. ಆದರೂ ಪ್ರತಿ ಮದುವೆಯಲ್ಲೂ ಹುಡುಗಿಯ ದೊಡ್ಡಮ್ಮನೋ ಅತ್ತೆಯೋ ಬಂದು "ಒಂದು ಶೇಡ್ ಬೆಳ್ಳಗೆ ಹಾಕಮ್ಮ" ಅನ್ನುವುದು ತಪ್ಪಿದ್ದಲ್ಲ. ನಾನು "ಆಯ್ತಮ್ಮ" ಅಂದು ಹುಡುಗಿಯ ಬಣ್ಣವನ್ನೇ ಹಾಕುತ್ತೇನೆ. ಆಮೇಲೆ ಅವರೇ ಬಂದು "ಈಗ ನೋಡು, ಲಕ್ಷಣವಾಗಿದೆ" ಅನ್ನುತ್ತಾರೆ.

ಎಣ್ಣೆಗೆಂಪಿಗೆ ಸಾಮಾನ್ಯವಾಗಿ ಹಳದಿ ಛಾಯೆ ಇರುವ ಶೇಡ್ ಹೊಂದುತ್ತದೆ, ಗುಲಾಬಿ ಛಾಯೆಯದು ಹೊಂದುವುದಿಲ್ಲ. ಅಂಗಡಿಯಲ್ಲಿ ಮುಂಗೈ ಮೇಲೆ ಹಚ್ಚಿ ನೋಡಬೇಡಿ, ಕೈ ಬಣ್ಣವೇ ಬೇರೆ. ದವಡೆಯಿಂದ ಕುತ್ತಿಗೆಗೆ ಇಳಿಯುವ ಕಡೆ ಎರಡು ಮೂರು ಶೇಡ್ ಗೀರು ಎಳೆದುಕೊಂಡು ಹೊರಗೆ ಬನ್ನಿ. ನಿಮ್ಮ ಎಂ.ಜಿ. ರೋಡಲ್ಲಿ ಒಂದು ಸುತ್ತು ಹಾಕಿ, ಕಾಫಿ ಕುಡಿಯಿರಿ. ಟ್ಯೂಬ್‌ಲೈಟ್ ಕೆಳಗೆ ಎಲ್ಲ ಶೇಡೂ ಸರಿ ಅನ್ನಿಸುತ್ತದೆ. ಅದೂ ಅಲ್ಲದೆ ಅಷ್ಟು ಹೊತ್ತಿಗೆ ಫೌಂಡೇಶನ್‌ನಲ್ಲಿರುವ ಆವಿಯಾಗುವ ಅಂಶ ಹೋಗಿ, ಚರ್ಮದ ಎಣ್ಣೆ ಬಣ್ಣದ ಪುಡಿಗೆ ಸೇರಿ, ಶೇಡ್ ಸ್ವಲ್ಪ ಗಾಢವಾಗುತ್ತದೆ. ನಿಮಗೆ ಕಪ್ಪಾದ ಹಾಗೆ ಅನ್ನಿಸಿದ್ದು ಅದೇ. ಬೆಳಕಲ್ಲಿ ಯಾವ ಗೀರು ಕಾಣದೇ ಹೋಗುತ್ತದೋ ಅದನ್ನು ತಗೊಳ್ಳಿ. ಕುತ್ತಿಗೆಗೆ ಹೊಂದುವುದನ್ನೇ ತಂದರೆ ಕುತ್ತಿಗೆಗೆ ಹಚ್ಚುವ ಕೆಲಸವೇ ಇಲ್ಲ. ಹಚ್ಚಿದರೆ ರೇಷ್ಮೆ ರವಿಕೆಯ ಅಂಚಿಗೂ ಮಾಂಗಲ್ಯದ ಸರಕ್ಕೂ ಮೆತ್ತಿಕೊಳ್ಳುತ್ತದೆ.

ಮೂಗಿನ ಪಕ್ಕ ಒಡೆದದ್ದು ಒಣ ಚರ್ಮದಿಂದ. ನಮ್ಮ ಕಡೆ ಈ ಕಾಲದಲ್ಲಿ ಬೆಳಗ್ಗೆ ಚಳಿ, ಮಧ್ಯಾಹ್ನ ಚುರುಗುಟ್ಟುವ ಬಿಸಿಲು. ಹಂಡೆಯ ಸುಡು ನೀರನ್ನು ಮುಖಕ್ಕೆ ಹಾಕಬೇಡಿ, ಉಗುರುಬೆಚ್ಚಗೆ ಸಾಕು. ಒರೆಸಿದ ಮೇಲೆ ಮುಖ ಇನ್ನೂ ಹಸಿ ಇರುವಾಗಲೇ ಮಾಯಿಶ್ಚರೈಸರ್ ಹಚ್ಚಿ, ಮೂಗಿನ ಪಕ್ಕಕ್ಕೆ ಇನ್ನೊಂದು ಚೂರು. ಮುಹೂರ್ತದ ದಿನ ಅದರ ಮೇಲೆ ಸನ್‌ಸ್ಕ್ರೀನ್. ಆಮೇಲೆ ಹತ್ತು ಹದಿನೈದು ನಿಮಿಷ ಮುಖ ಮುಟ್ಟಬೇಡಿ, ಅಷ್ಟರಲ್ಲಿ ಜಡೆ ಹಾಕಿಸಿಕೊಳ್ಳಿ. ಆ ಪುರುಸೊತ್ತು ಕೊಡದೆ ಹಚ್ಚಿ ಉಜ್ಜಿದರೆ ಎಲ್ಲ ಸೇರಿಕೊಂಡು, ರಬ್ಬರ್‌ನಿಂದ ಅಳಿಸಿದಾಗ ಉದುರುತ್ತದಲ್ಲ, ಹಾಗೆ ಎಳೆ ಎಳೆಯಾಗಿ ಬರುತ್ತದೆ. ಪ್ರೈಮರ್ ಬೇಕೇ ಬೇಕು ಅಂತಿಲ್ಲ. ನಿಮಗೆ ಹಣೆಗಷ್ಟೇ ಸಾಕು. ಸಿಲಿಕೋನ್ ಪ್ರೈಮರ್ ಮೇಲೆ ನೀರಿನ ಅಂಶವೇ ಮುಖ್ಯವಾಗಿರುವ (ವಾಟರ್ ಬೇಸ್ಡ್) ಫೌಂಡೇಶನ್ ಹಾಕಿದರೆ ಕೆಲವು ಸಲ ನಿಲ್ಲದೆ ಜಾರುತ್ತದೆ, ಅದನ್ನು ಮನೆಯಲ್ಲೇ ನೋಡಿಕೊಳ್ಳಿ.

ಬಾಟಲಿ ಚೆನ್ನಾಗಿ ಕುಲುಕಿ, ಬಣ್ಣ ತಳದಲ್ಲಿ ಕೂತಿರುತ್ತದೆ. ಮುಂಗೈ ಮೇಲೆ ಒಂದೇ ಪಂಪ್. ಮೂಗಿನ ಎರಡೂ ಪಕ್ಕ, ಬಂಗಿನ ಮೇಲೆ, ಗಲ್ಲಕ್ಕೆ, ಹುಬ್ಬಿನ ನಡುವೆ ಚುಕ್ಕಿ ಇಟ್ಟುಕೊಂಡು, ಬೆರಳಲ್ಲೋ ಬ್ರಷ್‌ನಲ್ಲೋ ಹೊರಗಡೆಗೆ ತೆಳುವಾಗಿ ಹರಡಿ. ಆಮೇಲೆ ಒದ್ದೆ ಸ್ಪಂಜ್. ನೀರಲ್ಲಿ ಅದ್ದಿ, ಹಿಂಡಿ, ಟವೆಲ್‌ನಲ್ಲಿ ಸುತ್ತಿ ಮತ್ತೊಮ್ಮೆ ಹಿಂಡಬೇಕು. ಎಳೆಯಬೇಡಿ, ತಟ್ಟುತ್ತಾ ಹೋಗಿ. ಒಣ ಸ್ಪಂಜ್ ಫೌಂಡೇಶನ್ ಕುಡಿದುಬಿಡುತ್ತದೆ, ಮೇಲೆ ಗೆರೆ ಬೇರೆ ಬಿಡುತ್ತದೆ. ಒಂದು ನಿಮಿಷ ಬಿಟ್ಟು ಕಿಟಕಿ ಹತ್ತಿರ ನಿಂತು ಕನ್ನಡಿ ನೋಡಿ, ಕೈ ಚಾಚಿದಷ್ಟು ದೂರದಿಂದ. ಬಂಗು ಇನ್ನೂ ಕಂಡರೆ ಅಲ್ಲಿಗೆ ಮಾತ್ರ ಇನ್ನೊಂದು ತೆಳು ಪದರ ತಟ್ಟಿ. ಬಂಗು ಗಾಢವಾಗಿದ್ದರೆ ಫೌಂಡೇಶನ್‌ಗೆ ಮೊದಲೇ ಪೀಚ್ ಬಣ್ಣದ ಕರೆಕ್ಟರ್ (ಕಲೆಯ ಬಣ್ಣ ತಗ್ಗಿಸುವ ಕ್ರೀಮ್) ಒಂದು ಚೂರು ಇಡಬಹುದು. ಪೂರ್ತಿ ಮುಚ್ಚಲು ಮಾತ್ರ ಹೋಗಬೇಡಿ. ಎದುರು ನಿಂತು ಮಾತಾಡುವವರು ಮಬ್ಬಾದ ಬಂಗನ್ನು ಗಮನಿಸುವುದಿಲ್ಲ, ದಪ್ಪ ಪದರವನ್ನು ಗಮನಿಸುತ್ತಾರೆ.

ಕೊನೆಗೆ ನಗುವ ಗೆರೆಯಲ್ಲಿ ಸೇರಿದ್ದನ್ನು ಬೆರಳಲ್ಲಿ ತಟ್ಟಿ ಸರಿಮಾಡಿ, ಹಣೆಯ ನಡುವೆ, ಮೂಗಿಗೆ, ಗಲ್ಲಕ್ಕೆ ಸ್ವಲ್ಪ ಪೌಡರ್ ಒತ್ತಿ. ಕೆನ್ನೆಗೆ ಬೇಡವೇ ಬೇಡ. ಅಲ್ಲಿನ ಸಣ್ಣ ಹೊಳಪಿನಿಂದಲೇ ಅದು ಚರ್ಮ ಅನ್ನಿಸುವುದು.

ಮೂಡಿಗೆರೆ ಮಳೆ:

ಅಕ್ಕ ಹೇಳಿದ್ದೆಲ್ಲ ಸರಿ, ಸ್ಪಂಜ್ ಒಂದು ಬಿಟ್ಟು. ನಮ್ಮ ಮಳೆಗಾಲದಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಸ್ಪಂಜ್ ಒಣಗುತ್ತದಾ? ಹೊರಗೆ ಚೆನ್ನಾಗೇ ಕಾಣುತ್ತಿತ್ತು, ಸುಮ್ನೆ ಕತ್ತರಿಸಿ ನೋಡಿದರೆ ಒಳಗೆಲ್ಲ ಕಪ್ಪು ಬೂಷ್ಟು. ಆವತ್ತಿನಿಂದ ಬೆರಳೇ. ಬೆರಳಿನ ಬಿಸಿಗೆ ಫೌಂಡೇಶನ್ ಮೆತ್ತಗಾಗಿ ಚೆನ್ನಾಗಿ ಕೂರುತ್ತದೆ, ದುಡ್ಡೂ ಉಳಿಯುತ್ತದೆ.

ಹಾಸನ ಮೇಕಪ್:

ಬೆರಳಿಗೆ ನನ್ನ ತಕರಾರಿಲ್ಲ ಕಣ್ರೀ. ಕೈ ತೊಳೆದಿರಬೇಕು, ಎಳೆಯದೆ ಒತ್ತಬೇಕು, ಅಷ್ಟೇ. ಸ್ಪಂಜ್ ಇಟ್ಟುಕೊಳ್ಳುವವರು ಪ್ರತಿ ಸಲ ಸೋಪು ಹಾಕಿ ತೊಳೆದು ಗಾಳಿಯಾಡುವ ಕಡೆ ಇಡಿ. ಒದ್ದೆಯಾಗಿಯೇ ಡಬ್ಬಿಗೆ ಹಾಕಿ ಮುಚ್ಚಿದರೆ ಹಾಸನದಲ್ಲೂ ಬೂಷ್ಟು ಬರುತ್ತದೆ.

ಫೈನಲ್ ಇಯರ್:

ನಾನು ಕಾಲೇಜಿಗೆ ಹೋಗುವಾಗ ಸನ್‌ಸ್ಕ್ರೀನ್ ಜೊತೆಗೇ ಎರಡು ಹನಿ ಫೌಂಡೇಶನ್ ಬೆರೆಸಿ ಹಚ್ಚುತ್ತೇನೆ. ತುಂಬಾ ನ್ಯಾಚುರಲ್ ಆಗಿ ಕಾಣುತ್ತದೆ. ತೋಟದಮನೆ ಆಂಟಿ, ನೀವೂ ಹಾಗೇ ಮಾಡಿ. ಫೌಂಡೇಶನ್‌ನಲ್ಲೇ ಎಸ್‌ಪಿಎಫ್ (ಬಿಸಿಲಿನಿಂದ ರಕ್ಷಣೆ) ಇದ್ದರೆ ಸನ್‌ಸ್ಕ್ರೀನ್ ಕೂಡ ಬೇಡ ಅಲ್ವಾ?

ಹಾಸನ ಮೇಕಪ್:

ಬೇಡ ಪುಟ್ಟಾ, ಸನ್‌ಸ್ಕ್ರೀನ್‌ಗೆ ಏನನ್ನೂ ಬೆರೆಸಬೇಡ. ಅದು ಚರ್ಮದ ಮೇಲೆ ಒಂದೇ ಸಮ ಹರಡಿ ನಿಂತರೇ ಕೆಲಸ ಮಾಡುವುದು. ಬೆರೆಸಬೇಕು ಅನ್ನಿಸಿದರೆ ಮಾಯಿಶ್ಚರೈಸರ್‌ಗೆ ಬೆರೆಸು, ಸನ್‌ಸ್ಕ್ರೀನ್ ಬೇರೆಯಾಗಿ ಹಚ್ಚು. ಇನ್ನು ಬಾಟಲಿ ಮೇಲಿನ ಎಸ್‌ಪಿಎಫ್ ಅಂಕಿ. ಪರೀಕ್ಷೆಯಲ್ಲಿ ಒಂದು ಚದರ ಸೆಂ.ಮೀ.ಗೆ 2 ಮಿ.ಗ್ರಾಂ ಹಚ್ಚಿ ಅಳೆಯುತ್ತಾರೆ. ಅಷ್ಟು ಫೌಂಡೇಶನ್ ಯಾರೂ ಹಚ್ಚುವುದಿಲ್ಲ, ಹಾಗಾಗಿ ಆ ಅಂಕಿಯಷ್ಟು ರಕ್ಷಣೆಯೂ ಸಿಗುವುದಿಲ್ಲ. ಹಚ್ಚಿದರೆ ತೋಟದಮನೆಯವರ ಫೋಟೋದ ಗತಿಯೇ. ಬಂಗು ಇರುವವರಿಗಂತೂ ಸನ್‌ಸ್ಕ್ರೀನ್ ಬೇಕೇ ಬೇಕು, ಬಿಸಿಲಿಗೆ ಬಂಗು ಜಾಸ್ತಿಯಾಗುತ್ತದೆ.

ತೋಟದಮನೆ, ಚಿಕ್ಕಮಗಳೂರು:

ಎಲ್ಲರಿಗೂ ಥ್ಯಾಂಕ್ಸ್. ಅಕ್ಕ, ಇನ್ನೆರಡು ಪ್ರಶ್ನೆ. ರಿಸೆಪ್ಷನ್ ದಿನ ಬೆಳಗ್ಗೆಯೇ ಅರಿಶಿನ ಶಾಸ್ತ್ರ. ತಮ್ಮನಿಗೆ ಹಚ್ಚುವ ನೆಪದಲ್ಲಿ ಎಲ್ಲರ ಮುಖಕ್ಕೂ ಬಳಿಯುತ್ತಾರೆ. ಹಳದಿ ಮುಖದ ಮೇಲೆ ಶೇಡ್ ಹೊಂದುತ್ತದಾ? ಇನ್ನೊಂದು, ಫ್ಲಾಶ್ ಬಿದ್ದಾಗ ಮುಖ ಬೆಳ್ಳಗಾಗದಿರಲು ಏನು ಮಾಡಬೇಕು?

ಹಾಸನ ಮೇಕಪ್:

ಅರಿಶಿನದ ಬಣ್ಣ ನೀರಿಗೆ ಕರಗುವುದಿಲ್ಲ, ಎಣ್ಣೆಗೆ ಕರಗುತ್ತದೆ. ಹಾಗಾಗಿ ಸೋಪಲ್ಲಿ ತಿಕ್ಕಿ ಮುಖ ಕೆಂಪು ಮಾಡಿಕೊಳ್ಳಬೇಡಿ. ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ, ಹತ್ತಿಯಲ್ಲಿ ಒರೆಸಿ, ಆಮೇಲೆ ಮೆದು ಫೇಸ್‌ವಾಶ್‌ನಲ್ಲಿ ತೊಳೆಯಿರಿ. ಪೂರ್ತಿ ಹೋಗದಿದ್ದರೂ ಹಳದಿ ಛಾಯೆಯ ಶೇಡ್ ಆದ್ದರಿಂದ ಅಷ್ಟು ಎದ್ದು ಕಾಣುವುದಿಲ್ಲ. ಶಾಸ್ತ್ರಕ್ಕೆ ಮೊದಲೇ ಮುಖಕ್ಕೆ ತೆಳುವಾಗಿ ಎಣ್ಣೆ ಹಚ್ಚಿಕೊಂಡಿದ್ದರೆ ತೆಗೆಯುವುದು ಇನ್ನೂ ಸುಲಭ. ಥ್ರೆಡಿಂಗ್, ಬ್ಲೀಚ್ ಏನಿದ್ದರೂ ಎರಡು ಮೂರು ದಿನ ಮುಂಚೆ ಮುಗಿಸಿಬಿಡಿ. ಉರಿಯುವ ಚರ್ಮದ ಮೇಲೆ ಫೌಂಡೇಶನ್ ಸರಿಯಾಗಿ ಕೂರುವುದಿಲ್ಲ.

ಫ್ಲಾಶ್‌ಗೆ ಬೆಳ್ಳಗಾಗುವುದು ಎರಡರಿಂದ. ಸಿಲಿಕಾ ಇರುವ ಬಿಳಿ ಲೂಸ್ ಪೌಡರ್ ಜಾಸ್ತಿ ಹಾಕಿದರೆ, ಇಲ್ಲಾ ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಇರುವ ಸನ್‌ಸ್ಕ್ರೀನ್ ದಪ್ಪಗೆ ಹಚ್ಚಿದರೆ. ರಿಸೆಪ್ಷನ್ ಸಂಜೆ ಅಲ್ವಾ, ಆವತ್ತು ಸನ್‌ಸ್ಕ್ರೀನ್ ಬಿಡಿ, ಪೌಡರ್ ಕಡಿಮೆ ಮಾಡಿ. ಮುಂಚೆಯೇ ಒಂದು ಸಂಜೆ ಇದನ್ನೆಲ್ಲ ಹಚ್ಚಿಕೊಂಡು, ಕತ್ತಲೆ ಕೋಣೆಯಲ್ಲಿ ಫೋನಿನ ಫ್ಲಾಶ್ ಹಾಕಿ ಫೋಟೋ ತೆಗೆದು ನೋಡಿ. ಬಿಳಿ ಬಿದ್ದರೆ ಪೌಡರ್ ಬದಲಾಯಿಸಲು ಟೈಮ್ ಇರುತ್ತದೆ.

ಛತ್ರಕ್ಕೆ ಫೌಂಡೇಶನ್ ಬಾಟಲಿ ತರಬೇಡಿ. ಎರಡು ಟಿಶ್ಯೂ ಪರ್ಸಿನಲ್ಲಿಟ್ಟುಕೊಳ್ಳಿ. ಹಣೆ ಎಣ್ಣೆಯಾದರೆ ಮೊದಲು ಟಿಶ್ಯೂ ಒತ್ತಿ ತೆಗೆಯಿರಿ, ಬೇಕಿದ್ದರೆ ಮಾತ್ರ ಪೌಡರ್. ಎಣ್ಣೆ ಮೇಲೆ ಪೌಡರ್ ಹಾಕುತ್ತಾ ಹೋದರೆ ಊಟದ ಹೊತ್ತಿಗೆ ಹಣೆಯಲ್ಲಿ ಮುದ್ದೆಯಾಗಿರುತ್ತದೆ.