ಗುಹೆ ಕ್ಲಬ್‌ಗೆ ದುಡ್ಡು ಎಲ್ಲಿಂದ? ಬ್ರಿಟನ್ನಿನಲ್ಲಿ ಓದಿದವರ ಅನುಭವ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಕಡೆಯವನು, ಈಗ ಇಂಗ್ಲೆಂಡಿನಲ್ಲಿ ಎಂಎಸ್‌ಸಿ ಓದುತ್ತಿದ್ದೇನೆ. ಇಲ್ಲಿ ವಿದ್ಯಾರ್ಥಿಗಳ ಕೇವಿಂಗ್ ಕ್ಲಬ್, ಅಂದರೆ ಗುಹೆಗಳಿಗೆ ಇಳಿದು ಸುತ್ತುವವರ ಕ್ಲಬ್, ಸೇರಿದೆ. ಲೆಕ್ಕ ಚೆನ್ನಾಗಿ ಬರುತ್ತದೆ ಎಂದು ನನ್ನನ್ನೇ ಖಜಾಂಚಿ ಮಾಡಿಬಿಟ್ಟರು. ಹಗ್ಗಗಳು ಹಳೆಯವಾಗಿವೆ. ಸ್ಟೂಡೆಂಟ್ಸ್ ಯೂನಿಯನ್ ಕೊಡುವ ದುಡ್ಡು ವ್ಯಾನ್ ಬಾಡಿಗೆಗೇ ಮುಗಿಯುತ್ತದೆ. ಬೇಸಿಗೆಯಲ್ಲಿ ಹೊರದೇಶದ ಎಕ್ಸ್‌ಪೆಡಿಷನ್ ಬೇರೆ ಮಾಡಬೇಕಂತೆ. ಇಂಥ ಕ್ಲಬ್‌ಗಳಿಗೆ ನೆರವು ಎಲ್ಲಿ ಸಿಗುತ್ತದೆ? ಗೊತ್ತಿರುವವರು ದಯವಿಟ್ಟು ಹೇಳಿ.

ಹಿಂದೆ ಖಜಾಂಚಿಯಾಗಿದ್ದ ಒಬ್ಬರು

ಮೊದಲು ಖರ್ಚನ್ನು ಬೇರೆ ಬೇರೆ ಮಾಡಿ. ಹಗ್ಗ-ಸಲಕರಣೆ ಒಂದು ಕಡೆ, ಓಡಾಟ ಇನ್ನೊಂದು ಕಡೆ, ಎಕ್ಸ್‌ಪೆಡಿಷನ್ ಮತ್ತೊಂದು ಕಡೆ. ಮೂರಕ್ಕೂ ದುಡ್ಡು ಕೊಡುವವರು ಬೇರೆ. ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ತುರುಕಿದರೆ ಯಾವುದೂ ಸಿಗುವುದಿಲ್ಲ.

ಸಲಕರಣೆಗೆ ಕೇಳಬೇಕಾದದ್ದು ಯೂನಿಯನ್ನನ್ನೇ. ಆದರೆ ಅಲ್ಲಿ ಕೂತು ತೀರ್ಮಾನ ಮಾಡುವವರಲ್ಲಿ ಹೆಚ್ಚಿನವರು ಗುಹೆಯ ಮುಖವನ್ನೇ ನೋಡಿರುವುದಿಲ್ಲ. 'ಹೊಸ ಹಗ್ಗ ಬೇಕು' ಎಂದರೆ 'ಇರೋದಕ್ಕೆ ಏನಾಗಿದೆ?' ಎನ್ನುತ್ತಾರೆ. ಅದಕ್ಕೆ ಒಂದು ಪಟ್ಟಿ ಮಾಡಿ. ಪ್ರತಿ ಹಗ್ಗ, ಹಾರ್ನೆಸ್, ಹೆಲ್ಮೆಟ್ ತಯಾರಾದ ವರ್ಷ, ನಿವೃತ್ತಿಯ ವರ್ಷ ಬರೆಯಿರಿ. ಬಟ್ಟೆ, ಪ್ಲಾಸ್ಟಿಕ್ ಸಾಮಾನುಗಳಿಗೆ ಒಮ್ಮೆಯೂ ಬಳಸದಿದ್ದರೂ ತಯಾರಾದಂದಿನಿಂದ 10 ವರ್ಷವೇ ಗರಿಷ್ಠ ಆಯಸ್ಸು ಎಂದು ಇವನ್ನು ತಯಾರಿಸುವ ಪೆಟ್ಜಲ್ ಕಂಪನಿಯೇ ಹೇಳುತ್ತದೆ. ಕೆಸರು, ಮರಳಿನಲ್ಲಿ ಉಜ್ಜಾಡುವ ಗುಹೆ ಹಗ್ಗ ಅದಕ್ಕಿಂತ ಬೇಗ ಹೋಗುತ್ತದೆ. ಈ ಪಟ್ಟಿ ಮುಂದಿಟ್ಟರೆ 'ಇಲ್ಲ' ಎಂದು ಸಹಿ ಹಾಕಲು ಯಾರಿಗೂ ಧೈರ್ಯ ಬರುವುದಿಲ್ಲ!

ಎಲ್ಲ ಹಗ್ಗವನ್ನೂ ಒಂದೇ ವರ್ಷ ಕೊಳ್ಳಬೇಡಿ. ವರ್ಷಕ್ಕೊಂದು 200 ಮೀಟರ್ ಸುರುಳಿ ಕೇಳಿ, ಬೇಕಾದ ಉದ್ದಕ್ಕೆ ಕತ್ತರಿಸಿ, ನಂಬರ್ ಹಾಕಿ. ಯೂನಿಯನ್‌ಗೂ ಅದು ಮಾಮೂಲಿ ಖರ್ಚಾಗುತ್ತದೆ. ಎಲ್ಲ ಹಗ್ಗವೂ ಒಟ್ಟಿಗೆ ಮುದಿಯಾಗುವ ತಲೆನೋವೂ ತಪ್ಪುತ್ತದೆ.

ಇನ್ನು ಹಳೇ ವಿದ್ಯಾರ್ಥಿಗಳ ನಿಧಿ. ಬಹಳ ವಿಶ್ವವಿದ್ಯಾಲಯಗಳಲ್ಲಿ ಇದು ಯೂನಿಯನ್‌ಗೆ ಸಂಬಂಧವಿಲ್ಲದೆ ಬೇರೆಯಾಗಿಯೇ ಇರುತ್ತದೆ. ಅವರಿಗೆ ಬಹಳ ಕಾಲ ಬರುವ, ಬಹಳ ಜನ ಬಳಸುವ ವಸ್ತು ಇಷ್ಟ. ಎಸ್‌ಆರ್‌ಟಿ ಕಿಟ್, ಅಂದರೆ ಹಗ್ಗ ಹತ್ತಿ ಇಳಿಯುವ ಸಾಮಾನಿನ ಸೆಟ್, ಒಂದಕ್ಕೆ ಸುಮಾರು ಎರಡು-ಮೂರು ನೂರು ಪೌಂಡ್ ಆಗುತ್ತದೆ. ಕೇಳಿದ ತಕ್ಷಣ ಜಾಸ್ತಿ ಅನ್ನಿಸುತ್ತದೆ. ಟ್ಯಾಕಲ್ ಸ್ಟೋರ್‌ನ (ಕ್ಲಬ್ ಸಾಮಾನು ಇಡುವ ಕೋಣೆಯ) ಪುಸ್ತಕ ತೆಗೆದು, ಒಂದು ಕಿಟ್ಟನ್ನು ವರ್ಷದಲ್ಲಿ ಎಷ್ಟು ಹೊಸಬರು ಹಾಕಿಕೊಂಡರು ಎಂದು ಲೆಕ್ಕ ತೋರಿಸಿ. ತಲೆಗೆ ಬೀಳುವ ಖರ್ಚು ಎಷ್ಟು ಕಡಿಮೆ ಎಂದು ಅವರಿಗೇ ಕಾಣುತ್ತದೆ. ಆ ಪುಸ್ತಕವನ್ನು ಸರಿಯಾಗಿ ಬರೆದಿಡದ ಕ್ಲಬ್‌ಗಳೇ ಜಾಸ್ತಿ.

ಯಾರಾದರೂ ಹಳೇ ಹಗ್ಗ ದಾನ ಕೊಡಲು ಬಂದರೆ ಕೈಮುಗಿದು ಬೇಡವೆನ್ನಿ. ಅದು ಎಲ್ಲಿ ಬಿದ್ದಿತ್ತು, ಯಾವ ಆ್ಯಸಿಡ್ ತಾಗಿತ್ತು, ಯಾರಿಗೆ ಗೊತ್ತು? ಓವರ್‌ಸೂಟ್, ಗಮ್ ಬೂಟು, ಚೀಲ ಕೊಟ್ಟರೆ ಖುಷಿಯಿಂದ ತೆಗೆದುಕೊಳ್ಳಿ.

ವೇಲ್ಸ್‌ನಲ್ಲಿ ಓದಿದವರು

ದುಡ್ಡು ಹುಡುಕುವುದಕ್ಕಿಂತ ಖರ್ಚು ಇಳಿಸುವುದು ಸುಲಭ. ಹೋಟೆಲ್ ಯೋಚನೆಯೇ ಬೇಡ, ಕ್ಲಬ್‌ಗಳ ಹಟ್‌ಗಳಲ್ಲಿ, ಅಂದರೆ ಕೇವರ್‌ಗಳು ತಂಗುವ ಮನೆಗಳಲ್ಲಿ, ಉಳಿಯಿರಿ. ಪೆನ್‌ವಿಲ್ಟ್‌ನಲ್ಲಿ ಸೌತ್ ವೇಲ್ಸ್ ಕೇವಿಂಗ್ ಕ್ಲಬ್‌ನದು, ಯಾರ್ಕ್‌ಷೈರ್ ಕಡೆಗೆ ರೆಡ್ ರೋಸ್ ಕ್ಲಬ್‌ನ ಬುಲ್ ಪಾಟ್ ಫಾರ್ಮ್, ಮೆಂಡಿಪ್ ಬೆಟ್ಟಗಳ ಪ್ರಿಡ್ಡಿ ಊರಿನ ಹತ್ತಿರ ಬೆಲ್‌ಫ್ರಿ. ರಾತ್ರಿಗೆ ಕೆಲವೇ ಪೌಂಡ್. ದೊಡ್ಡ ಪಾತ್ರೆ, ಒಲೆ ಎಲ್ಲ ಅಲ್ಲೇ ಇರುತ್ತವೆ. ಒಂದು ಪಾತ್ರೆ ಬಿಸಿಬೇಳೆಬಾತ್ ಮಾಡಿದರೆ ಇಡೀ ಕ್ಲಬ್ ನಿಮ್ಮ ಕಡೆ!

ಹಟ್‌ಗಳಲ್ಲಿ ಸಿಗುವ ಹಿರಿಯ ಕೇವರ್‌ಗಳು ಇನ್ನೂ ದೊಡ್ಡ ಲಾಭ. ಹಗ್ಗ ಕಟ್ಟುವುದನ್ನು ಸುಮ್ನೆ ಕಲಿಸಿಕೊಡುತ್ತಾರೆ. ಇದನ್ನೇ ದುಡ್ಡು ಕೊಟ್ಟು ಕಲಿಯಲು ಹೋದರೆ ವರ್ಷದ ಬಜೆಟ್ ಖಾಲಿ.

ಮಿನಿಬಸ್ ವಿಷಯ. ನಮ್ಮ ಭಾರತದ ಲೈಸೆನ್ಸ್‌ನಲ್ಲಿ ಇಲ್ಲಿ 12 ತಿಂಗಳು ಕಾರು ಓಡಿಸಬಹುದು, ನಿಜ. ಹಾಗಂತ ಮಿನಿಬಸ್ಸಿನ ಸ್ಟೇರಿಂಗ್ ಹಿಡಿಯುತ್ತೇನೆ ಎಂದು ಒಪ್ಪಿಕೊಳ್ಳಬೇಡಿ. ಅದರ ನಿಯಮ, ವಿಮೆ ಎರಡೂ ಬೇರೆ. ಜನ ಕಡಿಮೆ ಇದ್ದರೆ ಎರಡು ಕಾರಿನಲ್ಲಿ ಹೋಗಿ ಪೆಟ್ರೋಲ್ ಹಂಚಿಕೊಳ್ಳುವುದು ಎಷ್ಟೋ ಸಲ ವ್ಯಾನಿಗಿಂತ ಅಗ್ಗ.

ಎಕ್ಸ್‌ಪೆಡಿಷನ್‌ಗೆ ಹೋಗಿಬಂದವರು

ಹೊರದೇಶದ್ದಕ್ಕೆ ನೀವು ನೋಡಬೇಕಾದದ್ದು ಘಾರ್ ಪರಾವ್ ಫೌಂಡೇಷನ್. ಇದರ ಕಥೆ ಚೆನ್ನಾಗಿದೆ. 1971ರಲ್ಲಿ ಬ್ರಿಟನ್ನಿನ ತಂಡವೊಂದು ಇರಾನಿನ ಜಾಗ್ರೋಸ್ ಬೆಟ್ಟಗಳಲ್ಲಿ ಘಾರ್ ಪರಾವ್ ಎಂಬ ಗುಹೆ ಕಂಡಿತು. ಜಗತ್ತಿನಲ್ಲೇ ಅತಿ ಆಳದ್ದು ಇದೇ ಇರಬಹುದು ಎಂಬ ಆಸೆಯಿಂದ 1972ರಲ್ಲಿ ಭಾರೀ ತಯಾರಿ ಮಾಡಿಕೊಂಡು ಮತ್ತೆ ಹೋದರು. 751 ಮೀಟರ್ ಆಳದಲ್ಲಿ ನೀರು ತುಂಬಿ ದಾರಿ ಮುಗಿಯಿತು. ದಾಖಲೆ ಆಗಲಿಲ್ಲ, ದುಡ್ಡು ಮಾತ್ರ ಉಳಿಯಿತು. ಆ ಉಳಿಕೆಯಿಂದ ಹುಟ್ಟಿದ್ದೇ ಈ ಸಂಸ್ಥೆ.

ಅವರು ಕೊಡುವುದು ಹೊಸ ಗುಹೆ ಹುಡುಕುವುದಕ್ಕೆ, ಅಳೆದು ನಕ್ಷೆ ಮಾಡುವುದಕ್ಕೆ. ಸುಮ್ನೆ ನೋಡಿಬರುವ ಪ್ರವಾಸಕ್ಕಲ್ಲ. ಬಂದ ಮೇಲೆ ವರದಿ ಕೊಡಲೇಬೇಕು. ಹಾಗಾಗಿ ನಕ್ಷೆ ಬರೆಯುವವರು ಯಾರು, ವರದಿ ಬರೆಯುವವರು ಯಾರು ಎಂದು ಅರ್ಜಿ ಹಾಕುವ ಮುಂಚೆಯೇ ಗೊತ್ತುಮಾಡಿಕೊಳ್ಳಿ. ತಂಡವೆಲ್ಲ ಹೊಸಬರಾದರೆ, ಆಗಲೇ ನಡೆಯುತ್ತಿರುವ ಎಕ್ಸ್‌ಪೆಡಿಷನ್‌ಗೆ ಸೇರಿಕೊಳ್ಳುವುದು ಒಳ್ಳೆಯದು. ಕೇಂಬ್ರಿಜ್ ವಿದ್ಯಾರ್ಥಿಗಳು 1976ರಿಂದ ಆಸ್ಟ್ರಿಯಾಕ್ಕೆ ಹೋಗುತ್ತಾ ಬಂದಿದ್ದಾರೆ. ಅಂಥವರ ಹಳೇ ವರದಿಗಳನ್ನು ಓದಿದರೆ ಬಜೆಟ್ ಹಾಕುವುದು ಹೇಗೆ ಎಂದೂ ತಿಳಿಯುತ್ತದೆ.

ಬ್ರಿಟಿಷ್ ಕೇವಿಂಗ್ ಅಸೋಸಿಯೇಷನ್ ಸದಸ್ಯತ್ವದ ಜೊತೆ ಬರುವ ವಿಮೆ ಬೇರೆಯವರಿಗೆ ನಿಮ್ಮಿಂದಾದ ಹಾನಿಗೆ. ನಿಮ್ಮ ಕಾಲು ಮುರಿದರೆ ಅದು ಬರುವುದಿಲ್ಲ. ಹೊರದೇಶಕ್ಕೆ ಪಾರುಗಾಣಿಕೆ ಖರ್ಚು ಸೇರಿದ ವಿಮೆಯನ್ನು ಬೇರೆ ಮಾಡಿಸಬೇಕು. ಬಜೆಟ್‌ನಲ್ಲಿ ಇದನ್ನು ಬಿಟ್ಟರೆ ಅರ್ಜಿ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ.

ಇನ್ನೊಬ್ಬರು

ಕಂಪನಿಗಳಿಗೆ ಸ್ಪಾನ್ಸರ್ ಪತ್ರ ಬರೆಯುತ್ತಾ ಕೂರಬೇಡಿ. ನಗದು ಸಿಗುವುದು ತೀರಾ ಅಪರೂಪ, ರಿಯಾಯಿತಿ ಕೇಳಿದರೆ ಅಂಗಡಿಯವರು ಕೊಡುತ್ತಾರೆ. ಹಾಗೇ ವಿದ್ಯಾರ್ಥಿ ಕ್ಲಬ್‌ಗಳ ಒಕ್ಕೂಟ 'ಚೆಕ್' (CHECC) ಜೊತೆ ಮಾತಾಡಿ. ಪ್ರತಿ ಶರತ್ಕಾಲದಲ್ಲಿ ಎಲ್ಲ ಕ್ಲಬ್‌ಗಳನ್ನೂ ಸೇರಿಸುತ್ತಾರೆ. ಆ ವರ್ಷ ಯಾವ ಅನುದಾನ ತೆರೆದಿದೆ ಎಂಬ ಸುದ್ದಿ ಅಲ್ಲೇ ಬೇಗ ಸಿಗುವುದು. ಸದಸ್ಯತ್ವದ ಶುಲ್ಕವನ್ನೂ ಸ್ವಲ್ಪ ಏರಿಸಿ.

ಹಿಂದೆ ಖಜಾಂಚಿಯಾಗಿದ್ದವರು

ಶುಲ್ಕ ಏರಿಸುವ ಮಾತು ನನಗೆ ಒಪ್ಪಿಗೆಯಿಲ್ಲ. ರೂಪಾಯಿ ಲೆಕ್ಕದಲ್ಲಿ ಬದುಕುವ ನಮ್ಮಂಥವರೇ ಮೊದಲು ಬಿಟ್ಟುಹೋಗುವುದು, ಅಲ್ವಾ? ಮೊದಲ ಟ್ರಿಪ್ ಅಗ್ಗವಾಗಿರಲಿ. ಆಮೇಲೆ ರುಚಿ ಹತ್ತಿದವರು ತಾವೇ ಕೊಡುತ್ತಾರೆ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದ. ಒಂದೇ ಅನುಮಾನ. ಯೂನಿಯನ್ ದುಡ್ಡಲ್ಲಿ ತಂದ ಹಗ್ಗ ಯಾರದ್ದಾಗುತ್ತದೆ?

ಹಿಂದೆ ಖಜಾಂಚಿಯಾಗಿದ್ದವರು

ಸಾಮಾನ್ಯವಾಗಿ ಯೂನಿಯನ್‌ದೇ. ಅವರ ಆಸ್ತಿ ಪಟ್ಟಿಗೆ ಸೇರಿಸಲು ಹೇಳಿ, ಕಳವಾದರೆ ವಿಮೆ ಇದೆಯೇ ಎಂದು ಆಗಲೇ ಕೇಳಿಬಿಡಿ. ಹಗ್ಗವನ್ನು ನಿವೃತ್ತಿ ಮಾಡುವ ಅಧಿಕಾರ ಮಾತ್ರ ಕ್ಲಬ್ ಕೈಯಲ್ಲೇ ಇರಬೇಕು. ಅದನ್ನು ಬರಹದಲ್ಲಿ ತೆಗೆದುಕೊಳ್ಳಿ.