ಸೆಲ್ಫ್ ಮೋಟಾರ್ ಬದಲಿಸುವ ಮೊದಲು: ನಮ್ಮ ಮನೆ ಗ್ರೂಪಿನ ಜಗಳ

ಮೈಸೂರು ಅತ್ತೆಯ ಕಾರು ಸ್ಟಾರ್ಟ್ ಆಗುತ್ತಿರಲಿಲ್ಲ. ಹಿಂದಿನ ವಾರವಷ್ಟೇ ಹೊಸ ಬ್ಯಾಟರಿ ಹಾಕಿಸಿದ್ದರು. ಈಗ ಸೆಲ್ಫ್ ಮೋಟಾರ್ (ಕೀ ತಿರುಗಿಸಿದಾಗ ಇಂಜಿನ್ನನ್ನು ತಿರುಗಿಸಿ ಎಬ್ಬಿಸುವ ಮೋಟಾರ್) ಬದಲಿಸಬೇಕು ಎಂದು ಗ್ಯಾರೇಜಿನವರು ಕಾರು ನೋಡದೆ ಫೋನಿನಲ್ಲೇ ಹೇಳಿದ್ದರು. ಅಷ್ಟರಲ್ಲಿ ಮನೆ ಗ್ರೂಪಿಗೆ ಚಿಕ್ಕಪ್ಪನ ಫಾರ್ವರ್ಡ್ ಬಂತು.

ಚಿಕ್ಕಪ್ಪ: (ಫಾರ್ವರ್ಡ್) ಕಾರು ಇರುವವರೆಲ್ಲ ತಪ್ಪದೇ ಓದಿ!! ಕೀ ತಿರುಗಿಸಿದಾಗ ಟಕ್ ಟಕ್ ಅಂದರೆ ಸೆಲ್ಫ್ ಮೋಟಾರ್ ಸುಟ್ಟಿದೆ ಎಂದರ್ಥ. ತಡ ಮಾಡದೆ ಬದಲಿಸಿ. ಇಂಜಿನ್ ಓಡುತ್ತಿರುವಾಗ ಬ್ಯಾಟರಿಯ ವೈರ್ ಕಿತ್ತು ನೋಡಿ. ಇಂಜಿನ್ ನಿಂತರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಹೋಗಿದೆ. ಈ ಗುಟ್ಟನ್ನು ಮೆಕ್ಯಾನಿಕ್‌ಗಳು ಹೇಳುವುದಿಲ್ಲ. ಎಲ್ಲ ಗ್ರೂಪಿಗೂ ಕಳಿಸಿ.

ಚಿಕ್ಕಪ್ಪ: ಅಕ್ಕಾ ನೋಡು, ನಾನು ನಿನ್ನೆ ಹೇಳಿದ್ದೇ ಇದರಲ್ಲೂ ಇದೆ.

ಅತ್ತೆ: ಹೌದಪ್ಪ, ಟಕ್ ಟಕ್ ಅಂತಲೇ ಬರುತ್ತಿದೆ. ಸೆಲ್ಫೇ ಹೋಗಿರಬೇಕು.

ಅಕ್ಕ: ಇದನ್ನು ಬರೆದವರು ಯಾರು ಚಿಕ್ಕಪ್ಪ? ಯಾವ ಕಾರಿನ ಮ್ಯಾನ್ಯುಯಲ್‌ನಲ್ಲಿದೆ?

ಚಿಕ್ಕಪ್ಪ: ನಿನಗೆ ಎಲ್ಲದಕ್ಕೂ ಸಾಕ್ಷಿ ಬೇಕು. ಅನುಭವ ಇರುವವರು ಬರೆದದ್ದು.

ಅಕ್ಕ: ಹೆಸರೇ ಇಲ್ಲದವರ ಅನುಭವ ನಂಬಿ ಅತ್ತೆ ಸಾವಿರಾರು ರೂಪಾಯಿ ಕೊಡಬೇಕಾ?

ನಾನು: ಅತ್ತೆ, ಒಂದು ಸಲ ಜೋರಾಗಿ ಟಕ್ ಅಂದು ಸುಮ್ಮನಾಗುತ್ತಾ, ಇಲ್ಲಾ ಟಕಟಕಟಕ ಅಂತ ಒಂದೇ ಸಮನೆ ಹೊಡೆಯುತ್ತಾ? ಎರಡಕ್ಕೂ ಕಾರಣ ಬೇರೆ. ಕೀ ತಿರುಗಿಸುವಾಗ ರೆಕಾರ್ಡ್ ಮಾಡಿ ಕಳಿಸಿ. ಹೆಡ್‌ಲೈಟ್ ಹಾಕಿಕೊಂಡೇ ತಿರುಗಿಸಿ, ಬೆಳಕು ಏನಾಗುತ್ತದೆ ನೋಡಿ.

ದೊಡ್ಡಪ್ಪ: ಈಗಿನವರಿಗೆ ವಾಹನದ ಮೇಲೆ ಅಕ್ಕರೆ ಇಲ್ಲ. ನಾವು ಬೆಳಿಗ್ಗೆ ಎದ್ದ ಕೂಡಲೇ ಬಾನೆಟ್ ಎತ್ತಿ ನೀರು, ಆಯಿಲ್ ನೋಡುತ್ತಿದ್ದೆವು. ಈಗ ಬಾನೆಟ್ ಎತ್ತುವುದು ಎಲ್ಲಿಂದ ಅಂತಲೂ ಗೊತ್ತಿಲ್ಲ. ತಾಳ್ಮೆ ಇಲ್ಲದ ಕಡೆ ಯಂತ್ರವೂ ಬಾಳುವುದಿಲ್ಲ.

ಶಿವಮೊಗ್ಗ ಅಣ್ಣ: ದೊಡ್ಡಪ್ಪ, ಅಜ್ಜನ ಅಂಬಾಸಿಡರ್ ನೆನಪಿದೆಯಾ? ಮಳೆಗಾಲದಲ್ಲಿ ಚೋಕ್ ಎಳೆದರೂ ಏಳುತ್ತಿರಲಿಲ್ಲ. ಮುಂದೆ ಹ್ಯಾಂಡಲ್ ಚುಚ್ಚಿ ತಿರುಗಿಸಬೇಕಿತ್ತು!

ದೊಡ್ಡಪ್ಪ: ನೆನಪಿಲ್ಲದೆ ಏನು. ಹೆಬ್ಬೆರಳನ್ನು ಹ್ಯಾಂಡಲ್ ಸುತ್ತ ಹಾಕಬೇಡ ಅಂತ ಅಪ್ಪ ದಿನಾ ಹೇಳುತ್ತಿದ್ದರು. ಇಂಜಿನ್ ಹಿಂದಕ್ಕೆ ಒದ್ದರೆ ಬೆರಳೇ ಮುರಿಯುತ್ತಿತ್ತು.

ಶಿವಮೊಗ್ಗ ಅಣ್ಣ: ತೀರ್ಥಹಳ್ಳಿ ಮದುವೆಗೆ ಹೊರಟಾಗ ನಾವೆಲ್ಲ ಸೇರಿ ತಳ್ಳಿದ್ದು! ಹೊಸ ಬಟ್ಟೆ ತುಂಬಾ ಕೆಸರು. ಅತ್ತೆ ಒಬ್ಬರೇ ಒಳಗೆ ಕೂತಿದ್ದರು.

ಅತ್ತೆ: ನನ್ನ ಮಡಿಲಲ್ಲಿ ಹೋಳಿಗೆ ಡಬ್ಬ ಇತ್ತಪ್ಪ, ಇಳಿಯುವುದು ಹೇಗೆ?

ಇದಾದ ಮೇಲೆ ಹೋಳಿಗೆ ಬೇಳೆಯದಾ ಕಾಯಿಯದಾ ಎಂಬ ವಿಚಾರ ತುಂಬಾ ಹೊತ್ತು ನಡೆಯಿತು. ಅದರ ನಡುವೆ ಅತ್ತೆಯ ರೆಕಾರ್ಡಿಂಗ್ ಬಂದದ್ದನ್ನು ಯಾರೂ ಗಮನಿಸಲಿಲ್ಲ. ನನಗೆ ನಿಜಕ್ಕೂ ಬೇಜಾರಾಯಿತು. ಬೇಕಿದ್ದ ಉತ್ತರ ಅದರಲ್ಲೇ ಇತ್ತು. ಟಕಟಕಟಕ ಎಂಬ ಸಣ್ಣ, ವೇಗದ ಸದ್ದು. ಹಿಂದೆ ಅತ್ತೆಯ ದನಿ: "ಲೈಟು ಪೂರ್ತಿ ಮಂಕಾಯಿತು ನೋಡು".

ನಾನು: ಎಲ್ಲರೂ ಸ್ವಲ್ಪ ಕೇಳಿ. ಸೆಲ್ಫಿಗೆ ಬೇಕಾದಷ್ಟು ಕರೆಂಟ್ ತಲುಪದಿದ್ದರೆ ಈ ಸದ್ದು ಬರುತ್ತದೆ. ಬ್ಯಾಟರಿ ಇಳಿದಿರಬೇಕು, ಇಲ್ಲಾ ಬ್ಯಾಟರಿಯ ಟರ್ಮಿನಲ್ ಅಥವಾ ಮೈನಸ್‌ನಿಂದ ಕಾರಿನ ಮೈಗೆ ಹೋಗುವ ಅರ್ತ್ ವೈರ್ ಸರಿ ಕೂತಿಲ್ಲ. ಲೈಟು ಜೋರಾಗೇ ಇದ್ದು ಒಂದೇ ಸಲ ಟಕ್ ಅಂದಿದ್ದರೆ ಸೆಲ್ಫಿನ ಮೇಲೆ ಅನುಮಾನ ಪಡಬಹುದಿತ್ತು. ಇಂಜಿನ್ ಚೆನ್ನಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಪೆಟ್ರೋಲ್, ಸ್ಪಾರ್ಕ್, ಇಮ್ಮೊಬಿಲೈಸರ್ (ಕಳ್ಳತನ ತಡೆಯುವ ಲಾಕ್) ಕಡೆ ನೋಡಬೇಕಿತ್ತು. ಈಗ ಸೆಲ್ಫ್ ಬದಲಿಸಿದರೆ ದುಡ್ಡು ದಂಡ.

ಚಿಕ್ಕಪ್ಪ: ಬ್ಯಾಟರಿ ಹೊಸದು ಕಣೋ. ಅದು ಹೇಗೆ ಇಳಿಯುತ್ತದೆ?

ಅಕ್ಕ: ಬ್ಯಾಟರಿ ವಿಷಯ ನೀವು ಮಾತಾಡಬೇಡಿ ಚಿಕ್ಕಪ್ಪ. ನಮ್ಮ ಗೃಹಪ್ರವೇಶದ ದಿನ ನನ್ನ ಕಾರು ತಗೊಂಡು ಹೋಗಿ, ಒಳಗಿನ ಲೈಟು ಉರಿಯುತ್ತಾ ಬಿಟ್ಟು ಬಂದವರು ಯಾರು? ಹೊಸ ಬ್ಯಾಟರಿಗೆ ದುಡ್ಡು ಕೊಟ್ಟದ್ದು ನಾನು.

ಚಿಕ್ಕಪ್ಪ: ಆ ಬ್ಯಾಟರಿ ಮೊದಲೇ ಸತ್ತಿತ್ತು.

ಚಿಕ್ಕಮ್ಮ: ಇವರು ಅವತ್ತು ಹೂವು ತರಲು ಹೋಗಿದ್ದು ನಿಮ್ಮ ಕೆಲಸಕ್ಕೇ. ಅದನ್ನು ಮರೆಯಬೇಡ.

ದೊಡ್ಡಪ್ಪ: ಮನೆ ಮಾತು ಗ್ರೂಪಿನಲ್ಲಿ ಬೇಡ.

ಆ ಜಗಳ ಇಷ್ಟು ವರ್ಷ ಉಳಿದದ್ದು ಯಾಕೆಂದರೆ ಅವತ್ತೂ ಯಾರೂ ಅಳೆದು ನೋಡಲಿಲ್ಲ. ಅಂಗಡಿಗೆ ಒಯ್ದು ಚಾರ್ಜ್ ಮಾಡಿ ಲೋಡ್ ಟೆಸ್ಟ್ (ಜಾಸ್ತಿ ಕರೆಂಟ್ ಎಳೆದು ಬ್ಯಾಟರಿ ತಡೆಯುತ್ತದಾ ನೋಡುವುದು) ಮಾಡಿಸಿದ್ದರೆ, ಬ್ಯಾಟರಿ ಹಳೆಯದಾಗಿ ಸತ್ತಿತ್ತಾ, ಬರೀ ಖಾಲಿಯಾಗಿತ್ತಾ ಅನ್ನುವುದು ಅವತ್ತೇ ತಿಳಿಯುತ್ತಿತ್ತು.

ನಾನು: ಅತ್ತೆ, ಪಕ್ಕದ ಮನೆ ಎಲೆಕ್ಟ್ರಿಷಿಯನ್ ಹತ್ತಿರ ಮಲ್ಟಿಮೀಟರ್ ಇರುತ್ತದೆ, ಕರೆಯಿರಿ. ಕೀ ಆಫ್ ಇರುವಾಗ ಬ್ಯಾಟರಿ 12.6 ವೋಲ್ಟ್ ಹತ್ತಿರ ತೋರಿಸಿದರೆ ಪೂರ್ತಿ ಚಾರ್ಜ್ ಇದೆ, 12ಕ್ಕೆ ಇಳಿದಿದ್ದರೆ ಹೆಚ್ಚುಕಡಿಮೆ ಖಾಲಿ. ಆಮೇಲೆ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಸೀಸದ ಕಂಬಕ್ಕೆ, ಇನ್ನೊಂದು ಅದನ್ನೇ ಹಿಡಿದಿರುವ ಕ್ಲ್ಯಾಂಪಿಗೆ ಇಟ್ಟು ಸೆಲ್ಫ್ ಹೊಡೆಯಿರಿ. ಸೊನ್ನೆಯ ಹತ್ತಿರವೇ ಇರಬೇಕು, ಜಾಸ್ತಿ ತೋರಿಸಿದರೆ ಆ ಜೋಡಣೆಯಲ್ಲೇ ಕರೆಂಟಿಗೆ ತಡೆ ಇದೆ. ಎರಡೂ ಟರ್ಮಿನಲ್ ನೋಡಿ.

ಅಕ್ಕ: ಇದಕ್ಕೆ ಮೂಲ?

ನಾನು: ಮೂಲ ಬೇಡ ಅಕ್ಕ, ಮೀಟರೇ ಹೇಳುತ್ತದೆ. ಇನ್ನೊಂದು ಮಾತು. ಇಂಜಿನ್ ಓಡುವಾಗ ಬ್ಯಾಟರಿ ವೈರ್ ಕೀಳುವುದನ್ನು ದಯವಿಟ್ಟು ಯಾರೂ ಮಾಡಬೇಡಿ. ಆಲ್ಟರ್ನೇಟರ್ ಬದಲು ಡೈನಮೋ ಇದ್ದ ಹಳೇ ಗಾಡಿಗಳಲ್ಲಿ ಹಾಗೆ ಮಾಡುತ್ತಿದ್ದರು. ಈಗಿನ ಕಾರಿನಲ್ಲಿ ವೋಲ್ಟೇಜ್ ಒಮ್ಮೆಲೇ ಮೇಲೇರಿ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಸುಟ್ಟುಹೋಗಬಹುದು. ಆಲ್ಟರ್ನೇಟರ್ ನೋಡಲು ವೈರ್ ಕೀಳುವುದೇ ಬೇಡ. ಇಂಜಿನ್ ಓಡುವಾಗ ಬ್ಯಾಟರಿ ಮೇಲೆ ಮೀಟರ್ ಇಡಿ, ಸಾಮಾನ್ಯವಾಗಿ 13.8ರಿಂದ 14.5 ಬರುತ್ತದೆ.

ಶಿವಮೊಗ್ಗ ಅಣ್ಣ: ಅಜ್ಜನ ಡ್ರೈವರ್ ಹಾಗೇ ವೈರ್ ಕಿತ್ತು ನೋಡುತ್ತಿದ್ದ, ನಿಜ!

ಅತ್ತೆ: ಹುಡುಗ ಬಂದಿದ್ದ. ಬ್ಯಾಟರಿ 12.5 ಇದೆಯಂತೆ. ಆದರೆ ಸೆಲ್ಫ್ ಹೊಡೆದಾಗ ಮೈನಸ್ ಕಡೆ ಕಂಬಕ್ಕೂ ಕ್ಲ್ಯಾಂಪಿಗೂ ನಡುವೆ 3 ವೋಲ್ಟ್‌ಗಿಂತ ಜಾಸ್ತಿ ತೋರಿಸಿತು.

ಜೊತೆಗೆ ಫೋಟೋ ಬಂತು. ಕ್ಲ್ಯಾಂಪಿನ ಒಳಗೆಲ್ಲ ಬಿಳಿ-ಹಸಿರು ಪುಡಿ. ಹೊಸ ಬ್ಯಾಟರಿ ಕೂರಿಸಿದವರು ಆ ಹಳೇ ಕ್ಲ್ಯಾಂಪನ್ನು ಒರೆಸದೇ ಹಾಗೇ ಸಿಕ್ಕಿಸಿ ಹೋಗಿದ್ದರು. ಕೈಯಲ್ಲಿ ತಿರುಗಿಸಿದರೂ ಅಲ್ಲಾಡುತ್ತಿತ್ತಂತೆ.

ನಾನು: ಸಿಕ್ಕಿತು! ಕೀ ತೆಗೆದಿಡಿ. ಮೊದಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. ಅಡುಗೆ ಸೋಡಾ ಬಿಸಿನೀರಲ್ಲಿ ಕಲಸಿ ಕ್ಲ್ಯಾಂಪುಗಳನ್ನು ಹಳೇ ಬ್ರಷ್ಷಿನಲ್ಲಿ ಉಜ್ಜಿ. ನೀರು ಬ್ಯಾಟರಿ ಒಳಗೆ ಹೋಗದ ಹಾಗೆ ನೋಡಿಕೊಳ್ಳಿ, ಪುಡಿ ಕೈಗೆ ಕಣ್ಣಿಗೆ ತಾಗಿಸಬೇಡಿ. ಒರೆಸಿ ಒಣಗಿಸಿ, ಮೊದಲು ಪ್ಲಸ್ ಹಾಕಿ, ಕೊನೆಗೆ ಮೈನಸ್. ಸ್ಪ್ಯಾನರಿನಲ್ಲಿ ಬಿಗಿ ಮಾಡಿ.

ಅತ್ತೆ: ಸ್ಟಾರ್ಟ್ ಆಯಿತು ಕಣೋ!! ಮೀಟರ್ 14.1 ತೋರಿಸುತ್ತಿದೆ. ಗ್ಯಾರೇಜಿನವರಿಗೆ ಸೆಲ್ಫ್ ತರಿಸಬೇಡಿ ಅಂತ ಹೇಳಿದೆ.

ಅಕ್ಕ: ಹಾಗಾದರೆ ಹಳೇ ಬ್ಯಾಟರಿಯೂ ಚೆನ್ನಾಗೇ ಇದ್ದಿರಬಹುದಲ್ವಾ ಅತ್ತೆ?

ಅತ್ತೆ: ಅದನ್ನು ಎಕ್ಸ್‌ಚೇಂಜಿಗೆ ಕೊಟ್ಟಾಯಿತಲ್ಲೇ.

ದೊಡ್ಡಪ್ಪ: ಅದಕ್ಕೇ ನಾನು ತಾಳ್ಮೆ ಬೇಕು ಅಂದದ್ದು.

ನಾನು: ಚಿಕ್ಕಪ್ಪ, ಆ ಫಾರ್ವರ್ಡನ್ನು ಬೇರೆ ಎಲ್ಲಿಗಾದರೂ ಕಳಿಸಿದ್ದರೆ ದಯವಿಟ್ಟು ಡಿಲೀಟ್ ಮಾಡಿ. ವೈರ್ ಕೀಳುವ ಮಾತು ನಂಬಿ ಯಾರಾದರೂ ಮಾಡಿದರೆ ದೊಡ್ಡ ಖರ್ಚಿಗೆ ದಾರಿ.

ಚಿಕ್ಕಪ್ಪ: ಆಫೀಸಿನ ಗ್ರೂಪಿಗೆ ಕಳಿಸಿದ್ದೆ, ತೆಗೆದೆ. ಆದರೆ ಗೃಹಪ್ರವೇಶದ ದಿನ ಆ ಬ್ಯಾಟರಿ ಮೊದಲೇ ಸತ್ತಿತ್ತು.